ಕಣಿವೆಗೆ ಕಟ್ಟಿದ ಗಂಟು

ಕೀಂಚ್. ಕೀಂಚ್. ಕೀಂಚ್.

ಮಾಲ್‌ನ ನುಣುಪು ನೆಲದ ಮೇಲೆ ನನ್ನ ಹೊಸ ಬೂಟುಗಳು ಹೀಗೆ ಕೂಗುತ್ತಿದ್ದವು. ಸುಗಂಧದ ಅಂಗಡಿಯವಳು ಬಾಗಿಲಿಗೆ ಬಂದು ಇಣುಕಿದಳು. ಕಾಫಿ ಕುಡಿಯುತ್ತಿದ್ದ ಕತಾರಿ ಹಿರಿಯರೊಬ್ಬರು ಬಟ್ಟಲನ್ನು ಕೆಳಗಿಟ್ಟು ನನ್ನ ಪಾದಗಳನ್ನು ಮರುಕದಿಂದ ನೋಡಿದರು. ಹಿಂದೆ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ ನನ್ನ ಹೆಂಡತಿ ಗ್ರೀಷ್ಮಾ, ಮುಂದೆ ಹೋಗುತ್ತಿರುವ ಮನುಷ್ಯನಿಗೂ ತನಗೂ ಪರಿಚಯವೇ ಇಲ್ಲವೆಂಬಂತೆ ಬೇಳೆಯ ಪೊಟ್ಟಣದ ಹಿಂಭಾಗವನ್ನು ಓದತೊಡಗಿದಳು.

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಅಮೆರಿಕದ ಕಣಿವೆಗಳಿಗೆ ತಯಾರಾಗುತ್ತಿದ್ದೆ. (ಅಕ್ಟೋಬರ್‌ನಲ್ಲೂ ದೋಹಾದ ಹೊರಗೆ ನಡೆದರೆ ಮನುಷ್ಯ ಬೆಂದುಹೋಗುತ್ತಾನೆ. ಆದ್ದರಿಂದ ಇಲ್ಲಿ ಸಕಲ ಪಾದಯಾತ್ರೆಗಳೂ ಮಾಲ್‌ನ ಎಸಿಯಲ್ಲಿ ನಡೆಯುತ್ತವೆ. ಬೆಟ್ಟ ಬೇಕಾದರೆ ಎಸ್ಕಲೇಟರ್ ಇದೆ.)

ಇದಕ್ಕೆಲ್ಲ ಕಾರಣ ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯಲ್ಲಿರುವ ವೆನಿಟಾ. ಈಕೆ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಈಕೆಯ ಅಕ್ಕ ಇರುವುದು ಅಮೆರಿಕದ ಅರಿಜೋನಾದಲ್ಲಿ. ಆ ಅಕ್ಕ ಕಳಿಸಿದ ಫೋಟೋಗಳನ್ನು ವೆನಿಟಾ ಒಂದು ಸಂಜೆ ನಮಗೆ ತೋರಿಸಿದಳು. ಕೆಂಪು ಕಲ್ಲಿನ ನ್ಯಾಷನಲ್ ಪಾರ್ಕುಗಳು. ಒಂದು ಚಿತ್ರದಲ್ಲಿ ಎರಡು ಗೋಡೆಗಳು ಒಂದಕ್ಕೊಂದು ಗುಟ್ಟು ಹೇಳುವಷ್ಟು ಹತ್ತಿರ ಬಂದಿದ್ದವು. ಮೇಲಿನಿಂದ ಒಂದು ಎಳೆ ಬೆಳಕು ಇಳಿಯುತ್ತಿತ್ತು. ಕೆಳಗೆ ಒಬ್ಬ ಗಂಡಸು, ಅವನ ಹಿಂದೆ ಒಬ್ಬಳು ಹೆಂಗಸು ನಡೆಯುತ್ತಿದ್ದರು. ನಾನು ಆ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಮದುವೆಯಾದಂದಿನಿಂದ ನಾನೂ ಗ್ರೀಷ್ಮಾಳೂ ಜೊತೆಯಾಗಿ ನಡೆದದ್ದೆಂದರೆ ಟ್ರಾಲಿಯ ಹಿಂದೆ ಮಾತ್ರ. ರಜೆ ಸಿಕ್ಕಿದಾಗಲೆಲ್ಲ ಊರಿಗೆ ಹೋಗಿ ಮನೆಮನೆಗೆ ಸಾಬೂನು, ಬಾದಾಮಿ, ತಲೆನೋವಿನ ಎಣ್ಣೆ ಹಂಚಿ ವಾಪಸು ಬರುತ್ತೇವೆ. ಈ ಸಲದ ಏಪ್ರಿಲ್ ರಜೆ ನಮ್ಮಿಬ್ಬರದೇ ಆಗಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಸೋದರ ಸೊಸೆಯ ಮದುವೆಗೆಂದು ಹಿಂದೆ ಇಬ್ಬರಿಗೂ ಮಾಡಿಸಿ ಬಳಸದೇ ಬಿಟ್ಟಿದ್ದ ಅಮೆರಿಕದ ವೀಸಾಕ್ಕೆ ಇನ್ನೂ ಜೀವವಿತ್ತು.

"ನಾನೂ ಬರ್ತೇನೆ ಯತಿರಾಜಣ್ಣ," ಎಂದಳು ವೆನಿಟಾ.

"ಇದು ದಂಪತಿಗಳ ಯಾತ್ರೆ," ಎಂದೆ. (ಈ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅವಳಂತೂ ನೆನಪಿಟ್ಟುಕೊಂಡಳು.)

ದಂಪತಿಗಳ ಪೈಕಿ ಇನ್ನೊಬ್ಬರಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ.

"ಅಲ್ಲ ಮಾರಾಯ್ರೆ, ಇಲ್ಲಿ ಎಂತ ಕಮ್ಮಿ ಉಂಟು?" ಎಂದಳು ಗ್ರೀಷ್ಮಾ. "ಕಿಟಕಿ ತೆಗೆದರೆ ಮರಳು ಒಳಗೆ ಬರ್ತದೆ. ಮರುಭೂಮಿಯಿಂದ ಹೊರಟು, ದಿನವಿಡೀ ವಿಮಾನದಲ್ಲಿ ಕೂತು, ಇನ್ನೊಂದು ಮರುಭೂಮಿಗೆ ಹೋಗುದಾ?"

"ಅದು ಬೇರೆ ಮರುಭೂಮಿ. ಕೆಂಪು."

"ಸಂಜೆ ಹೊತ್ತು ನೋಡಿ, ಇದೂ ಕೆಂಪೇ. ಮತ್ತೆ ಏಪ್ರಿಲಲ್ಲಿ ನಿಮ್ಮ ಅಣ್ಣನ ಮನೆ ಗೃಹಪ್ರವೇಶ ಉಂಟಲ್ಲ, ಅದಕ್ಕೆ ಯಾರು ಹೋಗುದು?"

"ಗಿಫ್ಟ್ ಕಳಿಸುವಾ."

"ಗಿಫ್ಟ್ ಬಂದು ಹೋಮದ ಎದುರು ಕೂತ್ಕೊಳ್ತದಾ? ಮನೆಯಿಂದ ಒಬ್ಬ ಮನುಷ್ಯ ಆದ್ರೂ ಬೇಕು. ಇಲ್ಲದಿದ್ರೆ ಅತ್ತಿಗೆ ಸಾಯುವವರೆಗೆ ಹೇಳ್ತಾರೆ. ಅವರು ಸಾಯುವವರೆಗೆ ಅಲ್ಲ, ನಾನು ಸಾಯುವವರೆಗೆ." ಉಸಿರು ತೆಗೆದುಕೊಂಡು ಮತ್ತೆ ಕೇಳಿದಳು: "ಅದಿರಲಿ, ನಿಮಗೆ ನಡೀಲಿಕ್ಕೆ ಆಗ್ತದಾ?"

ಇಲ್ಲಿ ನನಗೆ ನಗು ಬಂತು. ಪ್ರಶ್ನೆ ಕೇಳಿದವಳು ಯಾರು? ಹೆಸರು ಗ್ರೀಷ್ಮಾ, ಎಸಿ ಸ್ವಲ್ಪ ಏರಿಸಿದರೂ ಸೆಖೆ ಎನ್ನುವವಳು. ಇವಳು ನಡೆದದ್ದನ್ನು ನಾನು ನೋಡಿದ್ದೇ ಇಲ್ಲ. (ಕಟ್ಟಡದ ಲಿಫ್ಟ್ ಆಗಾಗ ಕೆಡುತ್ತದೆ. ಆಗ ಇವಳು ತರಕಾರಿ ಚೀಲಗಳನ್ನು ಹೊತ್ತು ಮೆಟ್ಟಿಲು ಹತ್ತಿಹೋಗುತ್ತಾಳೆ. ನಾನು ಲಿಫ್ಟ್ ಸರಿಯಾಗುವವರೆಗೆ ಕಾರಿನಲ್ಲಿ ಕುಳಿತು ಹಾಡು ಕೇಳುತ್ತೇನೆ. ಹಾಗಾಗಿ ನೋಡುವ ಸಂದರ್ಭ ಬಂದಿರಲಿಲ್ಲ.)

"ಪರೀಕ್ಷೆಯೇ ಆಗಲಿ," ಎಂದೆ ಗಂಭೀರವಾಗಿ. "ಚಳಿ ಶುರುವಾದ ಮೇಲೆ ಇಲ್ಲೇ ಕತಾರಿನ ಝಿಕ್ರೀತ್ ಕಡೆಯ ಕಲ್ಲುಗುಡ್ಡಗಳಿಗೆ ಹೋಗುವಾ. ಗುಡ್ಡ ಹತ್ತಿ ಸಮುದ್ರದ ತನಕ ನಡೆಯುವಾ. ದಾರಿಯಲ್ಲಿ ಯಾರು ಮೊದಲು ಕೂತ್ಕೊಳ್ತಾರೋ ಅವರು ಗೃಹಪ್ರವೇಶಕ್ಕೆ. ನಿಂತವರು ಅಮೆರಿಕಕ್ಕೆ."

"ಕೊಟ್ಟ ಮಾತಾ?"

"ಕೊಟ್ಟ ಮಾತು. ಖಲಾಸ್."

ನನ್ನ ಉದ್ದೇಶ ಉದಾತ್ತವಾಗಿತ್ತು. ಅವಳು ಕೂರುತ್ತಾಳೆ, ನಾನು ಹತ್ತಿರ ಹೋಗಿ ಕೈ ಹಿಡಿದು ಎಬ್ಬಿಸುತ್ತೇನೆ, "ಹುಚ್ಚಿ, ನಿನ್ನನ್ನು ಬಿಟ್ಟು ನಾನು ಒಬ್ಬನೇ ಹೋಗ್ತೇನಾ?" ಎನ್ನುತ್ತೇನೆ, ಅವಳ ಕಣ್ಣು ಒದ್ದೆಯಾಗುತ್ತದೆ, ಇಬ್ಬರೂ ಅಮೆರಿಕಕ್ಕೆ ಹೋಗುತ್ತೇವೆ. ಆ ಕ್ಷಮಾದಾನದ ಭಾಷಣವನ್ನು ಸ್ನಾನದ ಮನೆಯಲ್ಲಿ ಹಲವು ಸಲ ಅಭ್ಯಾಸವನ್ನೂ ಮಾಡಿದೆ.

ಇನ್ನು ಉಳಿದದ್ದು ಬ್ಯಾಗು. ಬಿನ್ ಒಮ್ರಾನ್‌ನಿಂದ ಯಾರೇ ಊರಿಗೆ ಹೊರಡಲಿ, ಪೆಟ್ಟಿಗೆ ಕಟ್ಟಲು ಮೊದಲು ಕರೆಯುವುದು ನನ್ನನ್ನು. ಪೆಟ್ಟಿಗೆಯ ಒಂದು ಮೂಲೆ ಎತ್ತಿ ನೋಡಿ ತೂಕ ಹೇಳಬಲ್ಲೆ. ನಾನು ಕಟ್ಟಿದ ರಟ್ಟಿನ ಪೆಟ್ಟಿಗೆ ಮಂಗಳೂರು ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಬರುವಾಗ ದಿಬ್ಬಣದ ಮದುಮಗನಂತಿರುತ್ತದೆ. ವಿಮಾನದವರು ದಯಪಾಲಿಸಿದ ಕಿಲೋಗಳಲ್ಲಿ ಒಂದನ್ನೂ ನಾನು ಖಾಲಿ ಬಿಟ್ಟವನಲ್ಲ. ಹೊರಲು ಆಗುವಷ್ಟನ್ನೇ ತುಂಬಬೇಕು ಎಂದು ಚಾರಣಿಗರು ಹೇಳುತ್ತಾರಂತೆ. ಹಿಡಿಸುವಷ್ಟನ್ನೂ ತುಂಬಬೇಕು ಎಂದು ಗಲ್ಫ್ ನನಗೆ ಕಲಿಸಿತ್ತು.

ತುಂಬಿದೆ. ಚಿಕ್ಕ ಕುಕ್ಕರ್, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಮಡಚುವ ಕುರ್ಚಿ (ಗ್ರೀಷ್ಮಾ ಕೂರುವಳಲ್ಲ, ಪಾಪ), ಕೊಡೆ, ಟಾರ್ಚು, ಎಲ್ಲಕ್ಕೂ ತಳದಲ್ಲಿ ನೀರಿನ ಬಾಟಲಿಗಳು. ಜಿಪ್ಪನ್ನು ನಂಬಬಾರದೆಂದು ಸುತ್ತಲೂ ಕಂದು ಟೇಪು ಹಚ್ಚಿದೆ. ಟೇಪಿನ ಮೇಲೆ ಹಗ್ಗ. ಹೆಗಲ ಪಟ್ಟಿಗಳು ಮಾತ್ರ ಹೊರಗೆ ಉಳಿದವು. ಕೊನೆಗೆ, ಕೈಯಲ್ಲಿ ಮಾರ್ಕರ್ ಇತ್ತಲ್ಲ, ಇಷ್ಟು ವರ್ಷದ ಅಭ್ಯಾಸ, ದಪ್ಪ ಅಕ್ಷರದಲ್ಲಿ ಬರೆದುಬಿಟ್ಟೆ: ಯತಿರಾಜ್, ದೋಹಾ–ಮಂಗಳೂರು.

ನವೆಂಬರ್ ಕೊನೆಯ ಶುಕ್ರವಾರ ಬೆಳಿಗ್ಗೆ ಹೊರಟೆವು. ಆ ಮರಳು ದಾರಿಗೆ ದೊಡ್ಡ ಗಾಡಿ ಬೇಕು. ಅದು ಇದ್ದದ್ದು ವೆನಿಟಾಳ ಬಳಿ. ಅವಳೇ ಚಾಲಕಿ, ಅವಳೇ ರೆಫರಿ.

"ಯತಿರಾಜಣ್ಣ, ಇದರೊಳಗೆ ಯಾರನ್ನಾದ್ರೂ ಅಡಗಿಸಿ ಇಟ್ಟಿದ್ದೀರಾ?" ಎಂದಳು ಬ್ಯಾಗನ್ನು ನೋಡಿ.

"ನಗಬೇಡಿ. ಬಾಯಾರಿಕೆ ಆದಾಗ ನನ್ನ ಹತ್ರವೇ ಬರ್ಬೇಕು."

ಗ್ರೀಷ್ಮಾಳ ಕೈಯಲ್ಲಿ ಒಂದು ಫ್ಲಾಸ್ಕ್ ಮಾತ್ರ ಇತ್ತು.

ಝಿಕ್ರೀತ್‌ನಲ್ಲಿ ಸುಣ್ಣಕಲ್ಲಿನ ದಿಬ್ಬಗಳು ಅಲ್ಲಲ್ಲಿ ಅಣಬೆಗಳಂತೆ ಎದ್ದು ನಿಂತಿವೆ. ಗಾಳಿ ಅವುಗಳ ಬುಡವನ್ನು ನಿಧಾನವಾಗಿ ತಿಂದು, ತಲೆಗಳನ್ನು ಮಾತ್ರ ಉಳಿಸಿದೆ. ಎಳೆ ಬಿಸಿಲಿಗೆ ಆ ಬಿಳಿ ಕಲ್ಲು ಬೆಣ್ಣೆಯ ಬಣ್ಣಕ್ಕೆ ತಿರುಗುತ್ತಿತ್ತು. ಆಚೆ ಸಮುದ್ರ ಸದ್ದಿಲ್ಲದೆ ಮಲಗಿತ್ತು. ಗ್ರೀಷ್ಮಾ ಗಾಡಿಯಿಂದ ಇಳಿದವಳು ಅದರ ಬಾಗಿಲಿಗೆ ಒರಗಿ ಆ ಕಲ್ಲುಗಳನ್ನೇ ನೋಡಿದಳು. ಅವಳು ಹಾಗೆ ಒರಗಿದ್ದನ್ನು ನಾನು ದಣಿವಿನ ಮೊದಲ ಲಕ್ಷಣವೆಂದು ತಿಳಿದೆ.

ನಡೆಯತೊಡಗಿದೆವು. ಮಾಲ್‌ನ ನೆಲ ಹೀಗೆ ಕಾಲ ಕೆಳಗಿನಿಂದ ಜಾರಿಹೋಗುತ್ತಿರಲಿಲ್ಲ ಎಂಬುದು ಬೇಗ ತಿಳಿಯಿತು. ಗ್ರೀಷ್ಮಾ ಮುಂದೆ ಹೋದಳು. ಆಮೇಲೆ ಇನ್ನೂ ಮುಂದೆ. ಆಮೇಲೆ ಗುಡ್ಡದ ಅರ್ಧದಲ್ಲಿ ಅವಳ ಹಳದಿ ಶಾಲು ಮಾತ್ರ ಕಾಣುತ್ತಿತ್ತು. ನನಗೆ ಗಂಟಲು ಒಣಗಿತ್ತು. ನೀರು ಬೆನ್ನಿನ ಮೇಲೆಯೇ ಇತ್ತು. ಆದರೆ ಟೇಪಿನೊಳಗೆ, ಹಗ್ಗದೊಳಗೆ, ಅಕ್ಕಿಯ ಕೆಳಗೆ. ಕತ್ತರಿಯೂ ಒಳಗೇ ಇತ್ತು.

ಏರಿನ ಮೇಲೆ ಒಂದು ಕಾಲಿಟ್ಟೆ. ಇನ್ನೊಂದನ್ನು ಎತ್ತುವಷ್ಟರಲ್ಲಿ ಬ್ಯಾಗು ತನ್ನ ಅಭಿಪ್ರಾಯ ತಿಳಿಸಿತು. ನಾನು ಹಿಂದಕ್ಕೆ ಹೋದೆ. ಬ್ಯಾಗು ನೆಲಕ್ಕೆ ತಾಗಿತು. ನಾನು ಬ್ಯಾಗಿಗೆ ತಾಗಿದೆ. ಕೈಕಾಲುಗಳು ಆಕಾಶದ ಕಡೆಗೆ ನಿಂತವು. ಕುಕ್ಕರ್ ಒಳಗಿನಿಂದ 'ಟಣ್' ಎಂದಿತು.

ಅಷ್ಟರಲ್ಲಿ ಗುಡ್ಡದ ತುದಿ ತಲುಪಿದ್ದ ಗ್ರೀಷ್ಮಾ, ವೆನಿಟಾ ಇಬ್ಬರೂ ಇಳಿದು ಬಂದರು. ವೆನಿಟಾ ಬಗ್ಗಿ ನೋಡಿದಳು.

"ಗ್ರೀಷ್ಮಕ್ಕ, ಇದು ಕೂತದ್ದಾ, ಮಲಗಿದ್ದಾ? ರೂಲಲ್ಲಿ ಎಂತ ಉಂಟು?"

"ಮಲಗುವ ಮೊದಲು ಕೂರ್ಲೇಬೇಕಲ್ಲ," ಎಂದಳು ಗ್ರೀಷ್ಮಾ.

"ಇದು ಬಿದ್ದದ್ದು!" ಎಂದು ಕೂಗಿದೆ. "ಬೀಳುವುದಕ್ಕೆ ರೂಲ್ ಇಲ್ಲ. ಮೊದಲು ನೀರು ಕೊಡಿ."

ಗ್ರೀಷ್ಮಾ ಪಟ್ಟಿಗಳನ್ನು ಬಿಡಿಸಿ, ನನ್ನನ್ನು ಎಬ್ಬಿಸಿ, ಬ್ಯಾಗಿನ ಮೇಲೆಯೇ ಕೂರಿಸಿ ಫ್ಲಾಸ್ಕಿನ ನೀರು ಕುಡಿಸಿದಳು. ನನ್ನ ತಲೆಯಲ್ಲಿನ ಮರಳನ್ನು ಶಾಲಿನಿಂದ ಮೆಲ್ಲಗೆ ಒರೆಸಿದಳು. ಬಂತು, ಆ ಭಾಷಣ ಈಗ ಅವಳ ಬಾಯಿಂದ ಬರುತ್ತದೆ ಎಂದು ಕಾದೆ.

"ಈಗಂತೂ ಕೂತಿದ್ದಾರೆ," ಎಂದಳು ವೆನಿಟಾಳಿಗೆ.

"ಕೂರಿಸಿದ್ದು ನೀನು!"

"ನೋಡಿ, ನಾನು ಮೊದಲು ಬೇಡ ಅಂದದ್ದು ಹೌದು. ಮೇಲಿಂದ ಸಮುದ್ರ ನೋಡಿದೆ. ಇಷ್ಟು ಚಿಕ್ಕ ಗುಡ್ಡದಲ್ಲೇ ಹೀಗಾದ್ರೆ ಆ ಕೆಂಪು ಕಲ್ಲಿನ ಮಧ್ಯೆ ಹೇಗಿರ್ತದೋ ಅಂತ ಆಯ್ತು. ನನಗೆ ಹೋಗ್ಬೇಕು. ವೆನಿಟಾ ಬರ್ತಾಳೆ, ಅವಳ ಅಕ್ಕನ ಮನೆ ಉಂಟು."

"ಮತ್ತೆ ನಾನು?"

ಅವಳು ನನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಬ್ಯಾಗಿನ ಮೇಲಿನ ಅಕ್ಷರಗಳನ್ನು ತೋರಿಸಿದಳು.

"ನೀವೇ ಬರೆದದ್ದುಂಟಲ್ಲ. ಇದು ಎಲ್ಲಿಗೆ ಹೋಗ್ತದೋ ಅಲ್ಲಿಗೆ ನೀವು ಹೋಗಿ. ಪ್ಯಾಕಿಂಗ್ ಆಗಿಯೇ ಉಂಟು. ಕುಕ್ಕರ್ ಗೃಹಪ್ರವೇಶದ ಗಿಫ್ಟಿಗೆ ಆಯ್ತು."

ವೆನಿಟಾ ಆಚೆ ತಿರುಗಿ ಸಮುದ್ರವನ್ನು ಬಹಳ ಆಸಕ್ತಿಯಿಂದ ನೋಡಿದಳು. ಅವಳ ಭುಜಗಳು ಕುಣಿಯುತ್ತಿದ್ದವು.

"ಅಲ್ಲ ಮಾರಾಯ್ತಿ, ನಾನು ಹೇಳುವುದು ಕೇಳು," ಎಂದೆ. "ನಾನು ಆ ಮಾತು ಕೊಟ್ಟದ್ದು ಯಾಕೆಂದರೆ, ನೀನು ಕೂತಿದ್ದರೆ ನಾನು ಖಂಡಿತ ನಿನ್ನನ್ನು ಕರೆದುಕೊಂಡೇ ಹೋಗ್ತಿದ್ದೆ. ಒಂದು ಫೋಟೋ ಇತ್ತಲ್ಲ, ಎರಡು ಗೋಡೆಯದ್ದು, ಅದರಲ್ಲಿ ಮುಂದೆ ಹೋಗುವವನು ಯಾರು, ಹಿಂದೆ ಬರುವವಳು ಯಾರು ಅಂತ ನೀನು ಯಾವತ್ತಾದರೂ..."

ಗ್ರೀಷ್ಮಾ ಅಷ್ಟು ಹೊತ್ತಿಗೆ ಏರಿನ ಅರ್ಧ ದಾಟಿದ್ದಳು. ಶಾಲನ್ನು ಸೊಂಟಕ್ಕೆ ಬಿಗಿದು, ಹಿಂತಿರುಗಿ ನೋಡದೆ, ಸಮುದ್ರದ ಕಡೆಗೆ ಹೋಗುತ್ತಿದ್ದಳು. ಅವಳ ಹಳೆಯ ಚಪ್ಪಲಿಗಳು ಕಲ್ಲಿನ ಮೇಲೆ ಒಂದಿಷ್ಟೂ ಸದ್ದು ಮಾಡುತ್ತಿರಲಿಲ್ಲ.