ಸಾಹೇಬರ ಸೈಕಲ್ ದಾರಿ

“ಇವತ್ತು ಕಾರಿಗೆ ರಜೆ! ನಾನು ಗೆರೆ ಎಳೆದ ದಾರೀಲಿ ನಾನೇ ಸೈಕಲ್ ತುಳೀತೀನಿ!” ಎಂದು ರಸ್ತೆ ವಿಭಾಗದ ಎಂಜಿನಿಯರ್ ಸಾಹೇಬರು ಬೆಳಿಗ್ಗೆಯೇ ಘೋಷಿಸಿಬಿಟ್ಟರು. ಊರಿನ ಮೊಟ್ಟಮೊದಲ ಸೈಕಲ್ ದಾರಿಗೆ ನಕ್ಷೆ ಬರೆದವರು ಅವರೇ. ಅದನ್ನು ಉಳಿಸುವುದೋ, ಅಳಿಸಿ ಕಾರು ನಿಲ್ಲಿಸಲು ಕೊಡುವುದೋ ಎಂದು ತೀರ್ಮಾನಿಸಲು ಹನ್ನೊಂದಕ್ಕೆ ಸಭೆ. ‘ಯಾರೂ ಅಲ್ಲಿ ಓಡಿಸೋದಿಲ್ಲ’ ಎಂಬುದೇ ದೂರು.

“ನೀವಾದ್ರೂ ಒಂದಿನ ಓಡಿಸಿದೀರಾ?” ಎಂದು ಹೆಂಡತಿ ಕೇಳಿದ್ದಕ್ಕೇ ಮಗಳ ಹಳೇ ಸೈಕಲ್ ಅಟ್ಟದಿಂದ ಇಳಿದದ್ದು!

ಟಯರಿಗೆ ಗಾಳಿ ತುಂಬಿದವರು ಇವರು. ಬೀದಿಗೆಲ್ಲ ಗಾಳಿಸುದ್ದಿ ತುಂಬಿದವರು ಎದುರುಮನೆ ಡಾಕ್ಟರು.

“ಕಾರು ಕೆಟ್ಟಿದೆಯಾ?”

“ಇಲ್ಲವಲ್ಲ!”

“ಹಾಗಾದ್ರೆ...” ಡಾಕ್ಟರ ಕಣ್ಣು ಮೆಲ್ಲಗೆ ಇವರ ತಲೆಯ ಮೇಲೆ ನೆಟ್ಟಿತು.

ಮೊದಲ ನೂರು ಗಜ ರಾಜಸವಾರಿ! ಆಮೇಲೆ ಹಸಿರು ಬಣ್ಣದ ದಾರಿಯ ಮೇಲೆ ಸಾಲುಸಾಲು ಕಾರು. ಅದರಾಚೆ ಪೀಠೋಪಕರಣದ ಅಂಗಡಿಯ ಸೋಫಾ. “ಬೆವರ್ತಾ ಇದೀರಾ, ಕೂತ್ಕೊಳ್ಳಿ ಸಾರ್,” ಎಂದ ಅಂಗಡಿಯವನು. ಸೋಫಾ ಬಳಸಿ ರಸ್ತೆಗಿಳಿದರೆ ಬೆನ್ನಿಗೇ ಬಸ್ಸಿನ ಹಾರನ್! ಜೀವ ಬಾಯಿಗೆ ಬಂತು. ದಿನಾ ಹೀಗೆ ಹೋಗುವವರು ಎಷ್ಟು ಹೆದರಿರಬೇಕು ಎಂದು ಅವರಿಗೆ ಮೊದಲ ಬಾರಿ ಅನ್ನಿಸಿತು. ಇಷ್ಟು ವರ್ಷ ಹಾರನ್ ಹೊಡೆದವರಲ್ಲಿ ತಾವೂ ಒಬ್ಬರಲ್ಲವೇ!

ಕೊನೆಗೆ ದಾರಿ ನೆಟ್ಟಗೆ ಹೋಗಿ ಆಫೀಸಿನ ಕಾಂಪೌಂಡ್ ಗೋಡೆಗೆ ಮೂತಿ ತಾಗಿಸಿ ನಿಂತಿತು. “ಯಾವ ಪುಣ್ಯಾತ್ಮನ ಕೆಲಸವಪ್ಪಾ ಇದು!” ಎಂದು ಬೈಯುತ್ತ, ಸೈಕಲ್ ಹೆಗಲಿಗೇರಿಸಿ, ಮೋಟುಗೋಡೆ ದಾಟಿದರು.

ಬಾಗಿಲಲ್ಲಿ ಕಾವಲುಗಾರ ತಡೆದ. “ಪಾರ್ಸಲ್ಲಾ? ಹಿಂದಿನ ಬಾಗಿಲು.”

“ನಾನಯ್ಯಾ!”

“ಅಯ್ಯಯ್ಯೋ ಸಾರ್! ಮನೇಲೆಲ್ಲ ಕ್ಷೇಮ ತಾನೇ?”

ಸಭೆಯಲ್ಲಿ ಮುಖ್ಯ ಅಧಿಕಾರಿಗಳು ಕಿಟಕಿ ತೋರಿಸಿದರು. “ಒಂಬತ್ತರಿಂದ ಎಣಿಸ್ತಾ ಇದೀವಿ. ಸೈಕಲ್ ಮೇಲೆ ಬಂದವರು ಸೊನ್ನೆ!”

“ಒಬ್ಬರೂ ಇಲ್ವಾ ಸಾರ್?”

“ಒಬ್ಬ ಬಂದ. ಆದ್ರೆ ಅವನು ಸೈಕಲ್ ಮೇಲಿರ್ಲಿಲ್ಲ, ಸೈಕಲ್ಲೇ ಅವನ ಮೇಲಿತ್ತು!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾಹೇಬರು ಹೆಗಲ ಮೇಲಿದ್ದ ಚೈನಿನ ಎಣ್ಣೆಕಲೆಯನ್ನು ಅಂಗೈಯಿಂದ ಮುಚ್ಚಿಕೊಂಡರು.

“ದಾರಿ ಉಳೀಬೇಕು ಅನ್ನೋರು ಕೈಯೆತ್ತಿ.”

ಎತ್ತಿದರೆ ಕಲೆ ಕಾಣುತ್ತದೆ. ನಾಚಿಕೆಯಾಯಿತು. ಆದರೂ ಎತ್ತಿದರು. ಇಡೀ ಸಭೆಯಲ್ಲಿ ಎದ್ದದ್ದು ಅದೊಂದೇ ಕೈ.

“ಓಹೋ, ಅದು ನೀವಾ! ಅದ್ಸರಿ, ದಾರಿ ಹೋಗಿ ಗೋಡೆಗೆ ಯಾಕ್ರೀ ಗುದ್ದುತ್ತೆ?”

ಸಾಹೇಬರು ಎದುರಿಗೆ ಹಾಸಿದ್ದ ತಮ್ಮದೇ ನಕ್ಷೆಯನ್ನು ನೋಡಿದರು.

“ಅಲ್ಲಿಗೆ ಹಾಳೆ ಮುಗೀತು ಸಾರ್. ಎರಡನೇ ಹಾಳೆ ಜೋಡಿಸೋದು ಮರೆತೆ.”