ಎಂಬತ್ತೈದರ ಲೆನ್ಸಿಗೆ ಸಾಕಾಗದ ಹಾಲ್

ಹೊಚ್ಚಹೊಸ ಪ್ರೈಮ್ ಲೆನ್ಸ್ ಕೆಟ್ಟುಹೋಗಿದೆ ಎಂದು ನಾನು ಮುಂಬಯಿ ಪಕ್ಕದ ಠಾಣೆ ಪಟ್ಟಣದ ಕ್ಯಾಮೆರಾ ಅಂಗಡಿಯವನೊಂದಿಗೆ ಜಗಳವಾಡಿದ್ದೇನೆ. ಉಂಗುರ ತಿರುಗಿಸಿದರೆ ಮುಖ ಹತ್ತಿರ ಬರಬೇಕಲ್ಲ? ಬರಲಿಲ್ಲ. ಮಂಜಾಯಿತು, ಮತ್ತೆ ಸ್ಪಷ್ಟವಾಯಿತು, ಅಷ್ಟೇ.

“ಸಾಬ್, ಪ್ರೈಮ್ ಮೇ ಝೂಮ್ ನಹೀ ಹೋತಾ” ಎಂದ ಅವನು, ಆಸ್ಪತ್ರೆಯಲ್ಲಿ ಮಾತನಾಡುವ ದನಿಯಲ್ಲಿ. ಹತ್ತಿರ ಬೇಕಾದರೆ ನಾನೇ ಮುಂದೆ ಹೋಗಬೇಕು, ದೂರ ಬೇಕಾದರೆ ನಾನೇ ಹಿಂದೆ ಸರಿಯಬೇಕಂತೆ. “ಘರ್ ಛೋಟಾ ಹೈ ತೋ ಪೈಂತೀಸ್ ಲೇ ಲೋ.”

ಮನೆ ಚಿಕ್ಕದಾದರೆ ಮೂವತ್ತೈದು ಎಂಎಂ ತಗೊಳ್ಳಬೇಕಂತೆ! ನನ್ನ ಮುಖದಲ್ಲಿ ಡೊಂಬಿವಲಿಯ ಒಂದೇ ಬೆಡ್‌ರೂಮು ಅಷ್ಟು ಢಾಳಾಗಿ ಕಾಣುತ್ತದೆಯೇ? ಯೂಟ್ಯೂಬಿನ ಗಡ್ಡಧಾರಿಗಳೆಲ್ಲ ಪೋರ್ಟ್ರೇಟಿಗೆ ಎಂಬತ್ತೈದೇ ಎಂದಿದ್ದರು. ಎರಡು ತಿಂಗಳ ಓವರ್‌ಟೈಮ್ ಕೊಟ್ಟು ಎಂಬತ್ತೈದನ್ನೇ ತಂದೆ.

ಕಾರ್ಯ ಘನವಾದದ್ದು: ತಂಗಿ ಅಶ್ಮಿತಾಳ ಬಯೋಡೇಟಾಕ್ಕೆ ಫೋಟೋ. ಕೋಪರಖೈರಣೆಯ ಹುಡುಗ, ಹೆಸರು ಸುದರ್ಶನ. ಅಮ್ಮನ ಕಟ್ಟಪ್ಪಣೆ ಎರಡು. ಸೀರೆಯ ನೆರಿಗೆ ಪಾದದ ತನಕ ಕಾಣಬೇಕು. ನಿಶ್ಚಯವಾಗುವ ತನಕ ಬಿಲ್ಡಿಂಗಿನಲ್ಲಿ ಒಂದು ನೊಣಕ್ಕೂ ಗೊತ್ತಾಗಬಾರದು. (ಹಿಂದಿನ ಸಂಬಂಧ ಲಿಫ್ಟಿನಲ್ಲಿ ಚರ್ಚೆಯಾಗಿಯೇ ಮುರಿದದ್ದು ಎಂದು ಅಮ್ಮನ ಸಂಶೋಧನೆ.)

ಕ್ಯಾಮೆರಾ ಕಣ್ಣಿಗಿಟ್ಟೆ. ತಂಗಿಯ ಮೂಗು ಮಾತ್ರ ಕಂಡಿತು. ಗೋಡೆಗೆ ಬೆನ್ನು ತಾಗಿಸಿದೆ. ಕುತ್ತಿಗೆಯ ತನಕ ಬಂದಳು. ಬಾಗಿಲು ತೆರೆದು ಪ್ಯಾಸೇಜಿಗೆ ಇಳಿದೆ. ಸೊಂಟದ ತನಕ ಬಂದಳು. ಪಾದ ಇನ್ನೂ ಬಾಕಿ. ಎದುರಿನ ಬಾಗಿಲೂ ತೆರೆದಿತ್ತು. ಕಣ್ಣು ಕ್ಯಾಮೆರಾದಲ್ಲೇ ನೆಟ್ಟು ಹಿಂದೆ ಸರಿದೆ, ಸರಿದೆ...

“ಎಂತ ರಂಜನ್, ನಮ್ಮ ಹಾಲಲ್ಲಿ?”

ಎದುರುಮನೆಯ ನಳಿನಾಕ್ಷಿ ಆಂಟಿ!

“ಪಾಸ್‌ಪೋರ್ಟ್ ಫೋಟೋ, ಆಂಟಿ.”

“ಪಾಸ್‌ಪೋರ್ಟಿಗೆ ರೇಷ್ಮೆ ಸೀರೆ, ಮಲ್ಲಿಗೆ, ಪಾದದ ತನಕ! ಹುಡುಗ ಎಲ್ಲಿಯವ ಮಾರಾಯಾ?”

“ಕೋಪರಖೈರಣೆ” ಎಂದಿತು ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ.

“ಹೋ, ನಮ್ಮ ವಾರಿಜಕ್ಕನ ಮಗ ಸುದರ್ಶನನಾ? ಒಂದೇ ಊರಿನವರು ನಾವು!”

ನಮ್ಮ ಮನೆಯೊಳಗೆ ಅಮ್ಮ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕುಳಿತುಬಿಟ್ಟರು. (ಇರಲಿಲ್ಲ.) “ಹೇಳಿಬಿಟ್ಟನಾ! ಎಲ್ಲ ಹೇಳಿಬಿಟ್ಟನಾ!”

“ಅಣ್ಣಾ, ಲವ್ಕರ್ ಕಾಢ್ ನಾ! ಬೇಗ ತೆಗಿ, ಕಾಲು ನೋಯ್ತಿದೆ” ಎಂದು ಅಶ್ಮಿತಾ ಗದರಿದಳು. ಆಂಟಿಯ ಮನೆಯಲ್ಲಿ ನಿಂತು, ಕುಳಿತು, ಏರಿ, ಇಳಿದು ಎರಡು ಗಂಟೆ ಕ್ಲಿಕ್ಕಿಸಿದೆ. ಕೊನೆಗೊಂದು ಅದ್ಭುತ ಚಿತ್ರ ಸಿಕ್ಕಿತು. ಜರಿಯ ಎಳೆ ಎಳೆಯೂ ಸ್ಪಷ್ಟ. ಹುಬ್ಬಿನ ನಡುವಿನ ಗಂಟು ಇನ್ನೂ ಸ್ಪಷ್ಟ.

“ಜಾಮೀನು ಸಿಗದವಳ ಹಾಗೆ ಕಾಣ್ತಾಳೆ” ಎಂದರು ಅಮ್ಮ.

“ಅದು ಗಾಂಭೀರ್ಯ” ಎಂದು ಕಳಿಸಿಯೇಬಿಟ್ಟೆ.

ಐದು ದಿನ ಆ ಕಡೆಯಿಂದ ಸದ್ದಿಲ್ಲ. ಅಮ್ಮ ನನ್ನೊಡನೆ ಮಾತು ಬಿಟ್ಟರು; ಅಶ್ಮಿತಾ ಮಾತ್ರ ದಿನಕ್ಕೆ ಹತ್ತು ಸಲ ಮೊಬೈಲ್ ನೋಡುತ್ತಿದ್ದಳು. ಆರನೆಯ ದಿನ ಫೋನ್ ಬಂತು: ಭಾನುವಾರ ಬರುತ್ತಾರೆ! ನನಗೇ ಆಘಾತ. ಮರುಕ್ಷಣವೇ ಕಾಲರ್ ಮೇಲೆದ್ದಿತು.

ಭಾನುವಾರ ಗೋಳಿಬಜೆಯ ತಟ್ಟೆ ಎಲ್ಲರ ಕೈಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಅಮ್ಮ ತೊಡೆ ಚಿವುಟಿದರೂ ಹುಡುಗನನ್ನು ಕೇಳಿಯೇಬಿಟ್ಟೆ: “ಫೋಟೋ ನೋಡಿಯೇ ಬಂದದ್ದಲ್ವಾ?”

ಸುದರ್ಶನ ತಟ್ಟೆ ಕೆಳಗಿಟ್ಟ.

“ನೀವು ತೆಗೆದದ್ದು ನೋಡಿ ನಮ್ಮಮ್ಮ ಬೇಡವೇ ಬೇಡ ಅಂದಿದ್ರು. ಮತ್ತೆ ನಳಿನಾಕ್ಷಿ ಆಂಟಿ ಮೊಬೈಲಲ್ಲಿ ತೆಗೆದದ್ದು ಕಳಿಸಿದ್ರು. ಅದ್ರಲ್ಲಿ ನೀವು ಸೋಫಾದ ಮೇಲೆ ಒಂದು ಕಾಲಲ್ಲಿ ನಿಂತಿದ್ರಿ, ನಿಮ್ಮನ್ನು ನೋಡಿ ಅಶ್ಮಿತಾ ನಗ್ತಾ ಇದ್ರು. ಅದಕ್ಕೆ ಬಂದದ್ದು.”