ಕಡೇ ಕುರ್ಚಿಗೆ ಟವೆಲ್ಲು

ದಿನ ಬೆಳಗಾದರೆ ಎಲ್ಲರಿಗೂ ಏನೋ ಒಂದು ಆಗುತ್ತಲೇ ಇರುತ್ತದೆ. ಆದರೆ ಹೇಳಿಕೊಳ್ಳುವಂಥದ್ದು ಆಗುವುದು ನನಗೊಬ್ಬನಿಗೇ. ತೆರಕಣಾಂಬಿಯಲ್ಲಿ ಅರಿಶಿನ ಬೇಯಿಸಿ ಬೇಯಿಸಿ ಮುದುಕನಾದವನು ನಾನು. ಸ್ಕೂಲು ಕಂಡವನಲ್ಲ, ಅಕ್ಷರ ಕಲಿತದ್ದು ಲಾರಿ ಹಿಂದೆ ಬರೆದಿರುವುದನ್ನು ನೋಡಿಕೊಂಡು. ಆದರೂ ದೀನತೆ ಅಂತ ಬಂದರೆ ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೂ ನನ್ನನ್ನು ಮೀರಿಸುವ ಕ್ರೈಸ್ತ ಇನ್ನೊಬ್ಬನಿಲ್ಲ. ಈ ಸಲದ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತದಲ್ಲಿ, ಅದು ಸಾಬೀತೂ ಆಯಿತು.

ಬಿಡಬೇಕಾದದ್ದು

ಈಸ್ಟರಿಗೆ ಮುಂಚಿನ ಗುರುವಾರ ನಮ್ಮ ಚರ್ಚಿನಲ್ಲಿ ಹನ್ನೆರಡು ಜನರನ್ನು ಕುರ್ಚಿ ಹಾಕಿ ಕೂರಿಸಿ, ಪಾದ್ರಿ ಸ್ವಾಮಿಗಳು ಬಗ್ಗಿ ಅವರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಶಿಷ್ಯರಿಗೆ ತೊಳೆದ ಹಾಗೆ. ಇಷ್ಟು ವಯಸ್ಸಾದರೂ ನನಗೆ ಆ ಕುರ್ಚಿ ಸಿಕ್ಕಿರಲಿಲ್ಲ. ಇವನ ಕಾಲು ಒಂದು ಸಲ ತೊಳೆದರೆ ವರ್ಷವೆಲ್ಲ ನಾವು ಅದನ್ನೇ ಕೇಳಬೇಕಾಗುತ್ತದೆ ಅಂತ ಜನರೇ ತಪ್ಪಿಸುತ್ತಿದ್ದರು.

ಈಗ ಹೊಸ ಸ್ವಾಮಿಗಳು ಬಂದಿದ್ದಾರೆ. ಮಂಗಳೂರು ಕಡೆಯವರು, ಚಿಕ್ಕ ವಯಸ್ಸು, ಮಾತೆಲ್ಲ ಪುಸ್ತಕದ ಹಾಗೆ. ನೇರವಾಗಿ ಹೋಗಿ ಕುರ್ಚಿ ಕೇಳಿದೆ.

"ಅಜ್ಜ, ತಪಸ್ಸು ಕಾಲಕ್ಕೆ ಎಲ್ಲರೂ ಮಾಂಸ ಬಿಡುತ್ತಾರೆ. ನೀವು ಬಡಾಯಿ ಬಿಡಿ. ಆ ಗುರುವಾರದವರೆಗೆ ತಡೆದರೆ ಕುರ್ಚಿ ನಿಮ್ಮದು. ಆದರೆ ಈಸ್ಟರ್ ಮುಗಿಯುವ ತನಕ ವ್ರತ ಮುರಿಯಬಾರದು" ಅಂದರು.

ಒಪ್ಪಿಕೊಂಡು ಬಂದು ಮನೆಯಲ್ಲಿ ಹೇಳಿದೆ. ಹೆಂಡತಿ ಗಾಬರಿಯಾದಳು. "ಕುರಿ ಕೋಳಿ ಎಲ್ಲಾನೂ ಬುಟ್ಬುಡಿ, ಬೇಕಾದ್ರೆ ಅನ್ನಾನೂ ಬುಡಿ. ಇದೊಂದ್ ಮಾತ್ರ ಬ್ಯಾಡ ಕಣಿ, ಜೀವಕ್ಕೇನಾರ ಆದಾತು."

ಚಿರತೆ ಸಣ್ಣಗಾದದ್ದು

ಅದೇ ಕುರ್ಚಿಯ ಮೇಲೆ ಕಣ್ಣಿಟ್ಟವನು ಇನ್ನೊಬ್ಬನಿದ್ದ, ಚರ್ಚಿನ ಗಂಟೆ ಹೊಡೆಯುವವನು. ನನ್ನ ಬಾಯಿ ಬಿಡಿಸಿದರೆ ಕುರ್ಚಿ ತನಗೇ ಅಂತ ಅವನ ಲೆಕ್ಕಾಚಾರ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನನ್ನ ಪಕ್ಕಕ್ಕೇ ಬಂದು ಕೂತ.

"ಆವತ್ತು ನಿನ್ನ ಅರಿಸ್ನದ ಕೊಪ್ಪರಿಗೆಗೆ ಬಿದ್ದ ಚಿರತೆ ಎಷ್ಟುದ್ದ ಇತ್ಲಾ? ಇವರಿಗೆಲ್ಲ ಒಸಿ ಯೋಳು."

ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ಆ ಚಿರತೆಯನ್ನು ನಾನು ಬಾಲ ಹಿಡಿದು ಎಳೆದು ಹಾಕಿದ್ದು, ಅದು ಹಳದಿ ಮೈಯಲ್ಲಿ ಕಾಡು ಸೇರಿದ ಮೇಲೆ ಅದರ ಹೆಂಡತಿಯೇ ಗುರುತು ಹಿಡಿಯದೆ ಓಡಿಸಿದ್ದು, ಎಲ್ಲ ನಾಲಿಗೆ ತುದಿಗೆ ಬಂತು. ಬನ್ನು ಕಚ್ಚಿ ಹಿಡಿದೆ. ಕುರ್ಚಿ ನೆನೆಸಿಕೊಂಡೆ.

"ಬೆಕ್ಕಿರಬೋದು ಕಣ್ಲಾ" ಅಂದೆ.

ಟೀ ಅಂಗಡಿಯವನು ಒಲೆ ಬಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದ.

ಹೇಳಬಾರದ ಆನೆ

ಇಂಥಾ ಹೊತ್ತಿನಲ್ಲೇ ನೋಡಿ, ಬಾಳೆಗೊನೆ ತುಂಬಿದ ಲೋಡ್ ಆಟೋದಲ್ಲಿ ನಮ್ಮ ಕಾಡಂಚಿನ ಮದ್ದೂರು ಕಡೆ ಹೋಗುವಾಗ ಕಾಡಾನೆ ಅಡ್ಡ ಬಂತು. ಡ್ರೈವರು ಇಳಿದು ಓಡಿಬಿಟ್ಟ. ಉಳಿದದ್ದು ನಾನು, ಬಾಳೆಗೊನೆ, ಆನೆ. ಇಂಥದ್ದು ಆಗಿಯೂ ಹೇಳುವ ಹಾಗಿಲ್ಲ. ಹೊಟ್ಟೆ ಉಬ್ಬರಿಸಿತು, ನಿದ್ದೆ ಹತ್ತಲಿಲ್ಲ. ಕಡೆಗೆ ಒಂದು ಜಾಗ ಹೊಳೆಯಿತು. ಪಾಪನಿವೇದನೆಗೆ ಹೋಗಿ, ಸ್ವಾಮಿಗಳು ಕೂತು ಪಾಪ ಕೇಳುವ ಕಿಟಕಿಯ ಮುಂದೆ ಮೊಣಕಾಲೂರಿದೆ. ಅಲ್ಲಿ ಹೇಳಿದ್ದು ಹೊರಗೆ ಬರುವುದಿಲ್ಲವಲ್ಲ.

ಶುರು ಮಾಡಿದೆ. ಆನೆ ಬಂದದ್ದು, ಗೊನೆ ಮುಗಿಸಿದ್ದು, ಪಕ್ಕದ ಕಟ್ಟೆಯಲ್ಲಿ ಸೊಂಡಿಲು ತುಂಬ ನೀರು ಎಳೆದುಕೊಂಡು ನನ್ನ ಮುಂದೆಯೇ ಬಂದು ನಿಂತದ್ದು. ಹಿಂದೆ ಸಾಲಿನಲ್ಲಿದ್ದ ಹೆಂಗಸರು ಕೆಮ್ಮತೊಡಗಿದರು.

"ಅಜ್ಜ, ಇದರಲ್ಲಿ ಪಾಪ ಎಲ್ಲಿದೆ?" ಅಂದರು ಸ್ವಾಮಿಗಳು.

"ಪಾಪ ಅಲ್ಲ ಸ್ವಾಮಿ, ಪುಣ್ಯ. ಇಷ್ಟೆಲ್ಲ ಆದ್ರೂ ಯಾರ್ಗೂ ಯೋಳಿಲ್ವಲ್ಲ ನಾನು."

ಪುಣ್ಯಕ್ಕೆ ಬೇರೆ ಕಿಟಕಿ ಇಲ್ಲ ಅಂತ ಹೇಳಿ, ಆಶೀರ್ವಾದ ಮಾಡಿ ಎಬ್ಬಿಸಿಬಿಟ್ಟರು. ಆನೆ ಮುಂದೇನು ಮಾಡಿತು ಅಂತ ಕೇಳದೆ ಎಬ್ಬಿಸಿದವರಿಗೇ ಸಂಕಟ ಶುರುವಾಯಿತು. ಮಾರನೆಯ ದಿನದಿಂದ ನನ್ನ ಅರಿಶಿನದ ಕಣಕ್ಕೆ ಬರುವುದು, ಚೆನ್ನಾಗಿದ್ದೀರಾ ಅನ್ನುವುದು, ಸುಮ್ಮನೆ ನಿಲ್ಲುವುದು, ಹೋಗುವುದು. ಅಲ್ಲಿ ಕೇಳಿದ್ದನ್ನು ಹೊರಗೆ ಎತ್ತುವ ಹಾಗಿಲ್ಲ ಅವರು, ವ್ರತ ಮುರಿಯುವ ಹಾಗಿಲ್ಲ ನಾನು. ನಡುವೆ ಆ ಆನೆ ಸೊಂಡಿಲು ತುಂಬ ನೀರು ಇಟ್ಟುಕೊಂಡು ಈಸ್ಟರ್ ತನಕ ನಿಂತೇ ಇತ್ತು.

ಕಡೇ ಕುರ್ಚಿ

ಕುರ್ಚಿ ಸಿಕ್ಕಿತು. ಆದರೆ ಸ್ವಾಮಿಗಳು ಹಿಂದಿನ ಭಾನುವಾರ ಒಂದು ಎಡವಟ್ಟು ಮಾಡಿದ್ದರು. ಕಡೆಯಲ್ಲಿ ಕೂರುವವನೇ ದೇವರ ಕಣ್ಣಿಗೆ ದೊಡ್ಡವನು ಅಂತ ಪ್ರಸಂಗ ಹೇಳಿಬಿಟ್ಟಿದ್ದರು. ಗುರುವಾರ ಎಲ್ಲರಿಗೂ ಕಡೇ ಕುರ್ಚಿಯೇ ಬೇಕು. "ನೀ ದೊಡ್ಡವ, ಮುಂದ್ಕೆ ಕೂತ್ಕಳಪ್ಪಾ" ಅಂತ ಒಬ್ಬರನ್ನೊಬ್ಬರು ಮೊದಲನೇ ಕುರ್ಚಿಗೆ ನೂಕುತ್ತಿದ್ದಾರೆ. ಗಂಟೆಯವನೂ ಹೇಗೋ ಹನ್ನೆರಡರಲ್ಲಿ ಸೇರಿಕೊಂಡು ಕಂಬ ಹಿಡಿದು ನಿಂತಿದ್ದ.

ನಾನು ಮಧ್ಯಾಹ್ನವೇ ಹೋಗಿ ಕಡೇ ಕುರ್ಚಿಗೆ ಟವೆಲ್ಲು ಹಾಕಿ ಬಂದಿದ್ದೆ. ಚಾಮರಾಜನಗರದ ಬಸ್ಸಿನಲ್ಲಿ ನಡೆಯುವ ಕಾನೂನು ಚರ್ಚಿನಲ್ಲಿ ನಡೆಯುವುದಿಲ್ಲವೇ? ಎಲ್ಲರ ಮುಂದೆ ಟವೆಲ್ಲು ಕೊಡವಿ, ದೀನನಾಗಿ ಕೂತೆ.

ಸ್ವಾಮಿಗಳು ನೀರಿನ ಜಗ್ಗು ಹಿಡಿದು ಬಂದವರು ಈ ನೂಕಾಟ ನೋಡಿದರು. ಮುಂದಿನ ಕುರ್ಚಿಗಳೆಲ್ಲ ಖಾಲಿ. ಕೂತವನು ನಾನೊಬ್ಬನೇ. ನನ್ನಿಂದಲೇ ಶುರು ಮಾಡಿದರು.

ಕಾಲು ತೊಳೆಸಿಕೊಳ್ಳಲು ಹೋಗುವಾಗ ಕೊಳಕು ಕಾಲಲ್ಲಿ ಯಾರು ಹೋಗುತ್ತಾರೆ? ನಮ್ಮಲ್ಲಿ ಎಲ್ಲರೂ ಮನೆಯಲ್ಲೇ ಉಜ್ಜಿಕೊಂಡು ಬರುವುದು. ನಾನಂತೂ ವಾರವೆಲ್ಲ ತೆಂಗಿನ ನಾರಿನಲ್ಲಿ ಎರಡೂ ಕಾಲು ತಿಕ್ಕಿದ್ದೆ. ಅವರು ತೊಳೆದದ್ದು ಬಲಗಾಲು ಒಂದೇ. ಅಷ್ಟಕ್ಕೇ ಬೇಸಿನ್ನಿನ ನೀರು ಅರಿಶಿನದ ನೀರಾಯಿತು. ಅದೇ ನೀರಿಗೆ ಕಾಲಿಟ್ಟ ಮಿಕ್ಕ ಹನ್ನೊಂದು ಜನರೂ ಮದುವೆ ಗಂಡುಗಳ ಹಾಗೆ ಹಳದಿ ಕಾಲಲ್ಲಿ ಮನೆಗೆ ಹೋದರು.

ಈಸ್ಟರ್ ಬೆಳಿಗ್ಗೆ

ಪೂಜೆ ಮುಗಿದು ಜನ ಇನ್ನೂ ಕೈಕುಲುಕುತ್ತಿದ್ದಾರೆ, ಸ್ವಾಮಿಗಳೇ ಒಂದು ಕುರ್ಚಿ ಎತ್ತಿಕೊಂಡು ಬಂದು ಚರ್ಚಿನ ಮುಂದಿನ ಹೊಂಗೆ ಮರದ ಕೆಳಗೆ ಹಾಕಿದರು. ನನ್ನನ್ನು ಕೂರಿಸಿ ತಾವು ಮೆಟ್ಟಿಲ ಮೇಲೆ ಕೂತರು. ಗಂಟೆಯವನೂ ಬಂದ, ನನ್ನ ಹೆಂಡತಿಯೂ ಬಂದಳು.

"ವ್ರತ ಮುಗಿಯಿತು ಅಜ್ಜ. ಏನಾದರೂ ಹೇಳುವುದಿದ್ದರೆ ಹೇಳಿ. ಏನಾದರೂ" ಅಂದರು. ಆನೆಯ ಹೆಸರು ಎತ್ತಲಿಲ್ಲ, ಪಾಪ.

ಮೊದಲಿಂದ ಶುರು ಮಾಡಿದೆ. ಆನೆ, ಗೊನೆ, ಕಟ್ಟೆ, ಸೊಂಡಿಲು ತುಂಬ ನೀರು. ಅಲ್ಲಿಗೆ ಬಂದಾಗ ನಿಲ್ಲಿಸಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ.

"ಆಮೇಲೆ?" ಅಂದರು ಸ್ವಾಮಿಗಳು, ಮೆಟ್ಟಿಲ ತುದಿಗೆ ಬಂದು.

"ಆಮೇಲೇನ್ ಸ್ವಾಮಿ, ಬಗ್ಗಿ ನನ್ನ ಕಾಲು ತೊಳೀತು. ಗುರುವಾರವೇ ಯೋಳ್ಬೋದಿತ್ತು, ನಿಮ್ಗೆ ಬೇಜಾರಾದಾತು ಅಂತ ಸುಮ್ಕಿದ್ದೆ. ಅದು ಎರಡೂ ಕಾಲು ತೊಳುದಿತ್ತು."